ಗ್ರಂಥಾಲಯದ ಅವಧಿಯಲ್ಲಿ ವಿಜ್ಞಾನ ಚಟುವಟಿಕೆ ಮಾಡಿಸಿದರೆ ಮಕ್ಕಳ ಓದು ಹಿಂದೆ ಬೀಳುತ್ತದೆಯೇ?

ನೀವು ಕೇಳಿರುವುದು ಇಷ್ಟು: ಒಂದರಿಂದ ಐದನೇ ತರಗತಿವರೆಗಿನ ಸರ್ಕಾರಿ ಶಾಲೆ, ವಾರಕ್ಕೊಂದು ಗ್ರಂಥಾಲಯ ಅವಧಿ, ಒಂದು ಬೀರು ತುಂಬ ಪುಸ್ತಕ. ಮಕ್ಕಳು ಚಿತ್ರ ನೋಡಿ, ಪುಟ ಮಗುಚಿ, ಇಟ್ಟುಬಿಡುತ್ತಾರೆ. ಅದೇ ಅವಧಿಯಲ್ಲಿ ಕೈಯಾರೆ ಮಾಡುವ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಚಟುವಟಿಕೆ ಸೇರಿಸೋಣವೆಂದರೆ ಇರುವ ಓದೂ ಹೋಗುತ್ತದೆ ಅಂತ ಸಹೋದ್ಯೋಗಿಗಳು ಹೇಳುತ್ತಿದ್ದಾರೆ.

ನಾನೂ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ, ಗ್ರಂಥಾಲಯದ ಹೊಣೆಯೂ ನನ್ನ ಮೇಲೇ ಇದೆ. ಓದು ಖಂಡಿತ ಹೋಗುವುದಿಲ್ಲ. ಆದರೆ ಚಟುವಟಿಕೆ ಮುಗಿಯುವ ಹೊತ್ತಿಗೆ ಮಗುವಿಗೆ ಪುಸ್ತಕ ಬೇಕು ಅನ್ನಿಸಬೇಕು. ಹಾಗೆ ಅನ್ನಿಸದಿದ್ದರೆ ಆ ಚಟುವಟಿಕೆ ಎಷ್ಟೇ ಚೆನ್ನಾಗಿರಲಿ, ತರಗತಿಯಲ್ಲೇ ಮಾಡಿಸಿ, ಗ್ರಂಥಾಲಯಕ್ಕೆ ತರಬೇಡಿ. ಈ ಒಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ.

ಒಂದು ಉದಾಹರಣೆ ಕೊಡುತ್ತೇನೆ. ಬಕೆಟ್ ನೀರು, ಒಂದು ಕಿತ್ತಳೆ ಹಣ್ಣು. ದೋಣಿಯ ಬಗ್ಗೆಯೋ ಕೆರೆಯ ಬಗ್ಗೆಯೋ ಇರುವ ಕಥೆಯನ್ನು ಗಟ್ಟಿಯಾಗಿ ಓದುತ್ತಾ ಹೋಗಿ, ದೋಣಿ ನೀರಿಗಿಳಿಯುವ ಜಾಗದಲ್ಲಿ ಪುಸ್ತಕ ಮುಚ್ಚದೆ ಹಾಗೇ ಬೋರಲು ಇಡುತ್ತೇನೆ. ಹಣ್ಣು ಮುಳುಗುತ್ತದೋ ತೇಲುತ್ತದೋ ಅಂತ ಕೈ ಎತ್ತಿಸುತ್ತೇನೆ. ತೇಲುತ್ತದೆ. ಆಮೇಲೆ ಸಿಪ್ಪೆ ಸುಲಿಯುವ ಕೆಲಸ ಮಕ್ಕಳದೇ. ಸುಲಿದ ಹಣ್ಣು ಇನ್ನೂ ಹಗುರವಾಯಿತು, ತೇಲಲೇಬೇಕು ಅಂತ ಹೆಚ್ಚಿನವರ ವಾದ. ನೀರಿಗೆ ಬಿಟ್ಟರೆ ಸೀದಾ ತಳ ಸೇರುತ್ತದೆ. ಆಗ ಒಬ್ಬ ಹುಡುಗ ಎದ್ದು ನಿಂತು, "ಮಿಸ್, ಸಿಪ್ಪೆ ಒಂದನ್ನೇ ಹಾಕಿ ನೋಡೋಣ" ಅಂದ. ಸಿಪ್ಪೆ ತೇಲಿತು. ಅದನ್ನು ಮಧ್ಯಕ್ಕೆ ಮುರಿದು ಒಳಗಿನ ಬಿಳಿ ಭಾಗವನ್ನು ಉಗುರಿನಿಂದ ಕೆರೆದು, ಸ್ಪಂಜಿನಂತೆ ಇರುವ ಆ ಜಾಗದಲ್ಲಿ ಗಾಳಿ ಸೇರಿಕೊಂಡಿದೆ ಅನ್ನುವವರೆಗೆ ಅವರೇ ಬಂದರು. ನಾನು ಹೇಳಿದ್ದು ಒಂದೇ ಮಾತು: "ಗಾಳಿ ತುಂಬಿಕೊಂಡು ತೇಲುವ ಪ್ರಾಣಿ ಏನಾದರೂ ಇದೆಯಾ? ಬೀರುವಿನಲ್ಲಿ ಹುಡುಕಿ." ಮೀನಿನ ಪುಸ್ತಕ ಹೊರಬಂತು, ಗಾಳಿಚೀಲದ ಚಿತ್ರ ಸಿಕ್ಕಿತು. ಅರ್ಧಕ್ಕೆ ನಿಂತಿದ್ದ ಕಥೆಯನ್ನೂ ಅವರೇ ನೆನಪಿಸಿ ಓದಿಸಿಕೊಂಡರು. (ಹಣ್ಣನ್ನು ಹಿಂದಿನ ದಿನ ಮನೆಯಲ್ಲಿ ಪರೀಕ್ಷಿಸಿಕೊಂಡು ಬನ್ನಿ. ತೀರಾ ಒಣಗಿದ ಹಣ್ಣು ಸುಲಿದ ಮೇಲೂ ತೇಲುವುದುಂಟು.)

ಇಲ್ಲಿ ನಡೆದ ಇನ್ನೊಂದು ಕಲಿಕೆಯನ್ನು ನಾವು ಸಾಮಾನ್ಯವಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಥೆ ಪುಸ್ತಕವನ್ನು ಮೊದಲ ಪುಟದಿಂದ ಓದಬೇಕು. ಮಾಹಿತಿ ಪುಸ್ತಕ ಹಾಗಲ್ಲ. ಪರಿವಿಡಿ ನೋಡಿ, ಬೇಕಾದ ಪುಟ ತೆಗೆದು, ಚಿತ್ರದ ಕೆಳಗಿನ ಸಾಲು ಓದಿ, ಸಿಗದಿದ್ದರೆ ಇನ್ನೊಂದು ಪುಸ್ತಕಕ್ಕೆ ಹೋಗಬೇಕು. "ಪರಿವಿಡಿ ಹೇಗೆ ನೋಡುವುದು" ಅಂತ ಬರೀ ಪಾಠ ಮಾಡಿದರೆ ಎಂಟು ವರ್ಷದ ಮಗುವಿಗೆ ಅದು ಬೇಡವಾದ ಕೆಲಸ. ಕೈಯಲ್ಲಿ ಒದ್ದೆ ಸಿಪ್ಪೆ ಹಿಡಿದು ಉತ್ತರ ಹುಡುಕುವ ಮಗುವಿಗೆ ಮಾತ್ರ ಅದು ಬೇಕಾದದ್ದು. ಕೈ ಒರೆಸಿಕೊಳ್ಳಲು ಒಂದು ಹಳೆ ಟವೆಲ್ ಮಾತ್ರ ಬೀರುವಿನ ಪಕ್ಕದಲ್ಲೇ ತೂಗುಹಾಕಿ.

ಖರ್ಚಿನ ಚಿಂತೆ ಬೇಡ. ನುಗ್ಗೆ ಬೀಜಕ್ಕೆ ಮೂರು ರೆಕ್ಕೆ ಇರುತ್ತದೆ, ಬೆಂಚಿನ ಮೇಲೆ ನಿಂತು ಬಿಟ್ಟರೆ ತಿರುಗುತ್ತಾ ಇಳಿಯುತ್ತದೆ. ಎಕ್ಕದ ಬೀಜ ಹತ್ತಿಯಂಥ ಕೂದಲಿನಿಂದ ತೇಲಿ ಹೋಗುತ್ತದೆ. ಗಿಡಮರದ ಪುಸ್ತಕಕ್ಕೆ ಇವೆರಡೇ ಸಾಕು. ಹಳೆ ಪಠ್ಯಪುಸ್ತಕಗಳ ಎರಡು ಗುಡ್ಡೆ ಮಾಡಿ, ನಡುವೆ ಒಂದು ಗೇಣು ಬಿಟ್ಟು ಕಾಗದದ ಹಾಳೆ ಹಾಸಿದರೆ ರಬ್ಬರ್ ಇಟ್ಟರೂ ಕುಸಿಯುತ್ತದೆ. ಅದೇ ಹಾಳೆಯನ್ನು ಬೀಸಣಿಗೆಯ ಹಾಗೆ ಮಡಿಸಿ ಹಾಸಿದರೆ ಪೆನ್ಸಿಲ್ ಬಾಕ್ಸನ್ನೂ ಹೊರುತ್ತದೆ. ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನಿಂದ ತ್ರಿಕೋನ, ಚೌಕ ಜೋಡಿಸುವ ಆಟವನ್ನು ಅರವಿಂದ ಗುಪ್ತ ಅವರು ದೇಶಕ್ಕೆಲ್ಲ ಕಲಿಸಿದರು (ಕಡ್ಡಿಯ ಮದ್ದನ್ನು ಮೊದಲೇ ನೀವು ಕೆರೆದು ತೆಗೆದಿರಬೇಕು). ಚೌಕ ಒತ್ತಿದರೆ ವಾಲುತ್ತದೆ, ತ್ರಿಕೋನ ಅಲುಗುವುದಿಲ್ಲ. ಐಐಟಿ ಕಾನ್ಪುರದಲ್ಲಿ ಓದಿದ ಎಂಜಿನಿಯರ್ ಅವರು, ಕಸದಿಂದ ಆಟಿಕೆ ಮಾಡುವುದನ್ನೇ ಬದುಕಾಗಿಸಿಕೊಂಡವರು. 2018ರಲ್ಲಿ ಪದ್ಮಶ್ರೀ ಬಂತು. ಅವರ ಜಾಲತಾಣದಲ್ಲಿ ಪುಸ್ತಕಗಳೂ ವಿಡಿಯೊಗಳೂ ಉಚಿತ. ದುಬಾರಿ ಕಿಟ್ ತರಿಸುವ ಆಲೋಚನೆ ಇದ್ದರೆ ಆ ದುಡ್ಡಿಗೆ ಪುಸ್ತಕ ಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ.

ಒಂದು ದಿನವನ್ನು ಮಾತ್ರ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಬೆಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ಪಕ್ಕದಲ್ಲಿ ನೆರಳೇ ಇರುವುದಿಲ್ಲ. ಉತ್ತರಕ್ಕೆ ಹೋದಂತೆ ಮೊದಲನೆಯ ದಿನ ಮೇ ಕಡೆಗೆ ಸರಿಯುತ್ತದೆ, ಎರಡನೆಯದು ಆಗಸ್ಟಿನ ಮೊದಲ ವಾರಗಳಿಗೆ ಬರುತ್ತದೆ. ಏಪ್ರಿಲಿನಲ್ಲಿ ಬೇಸಿಗೆ ರಜೆ, ಹಾಗಾಗಿ ಶಾಲೆಗೆ ಸಿಗುವುದು ಆಗಸ್ಟಿನದೇ. ಮೋಡ ಇರಬಹುದು ಅಂತ ಒಂದು ವಾರ ಮೊದಲಿನಿಂದಲೇ ದಿನವೂ ಬಿಸಿಯೂಟಕ್ಕೆ ಮುಂಚೆ ಕೋಲಿನ ನೆರಳನ್ನು ಸೀಮೆಸುಣ್ಣದಿಂದ ಗುರುತಿಸಿ ಅಳೆಸಿ. ಆ ವಾರ ನೆರಳು, ಸೂರ್ಯ, ಗಡಿಯಾರದ ಪುಸ್ತಕಗಳು ಬೀರುವಿನಲ್ಲಿ ನಿಲ್ಲುವುದೇ ಇಲ್ಲ.

ಇನ್ನು "ಪುಸ್ತಕ ಒದ್ದೆಯಾದರೆ, ಹರಿದರೆ ಸ್ಟಾಕ್ ರಿಜಿಸ್ಟರಿಗೆ ಯಾರು ಉತ್ತರ ಕೊಡುವುದು" ಅನ್ನುವ ಭಯ. ಇದು ನಿಜವಾದ ಭಯ, ಬೀರುವಿನ ಬೀಗಕ್ಕೆ ಕಾರಣವೂ ಇದೇ. ಆದರೆ ಗ್ರಂಥಾಲಯ ವಿಜ್ಞಾನದ ಎಸ್. ಆರ್. ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕಗಳು ಇರುವುದು ಬಳಕೆಗೆ ಅನ್ನುವುದು. ಹೆಡ್‌ಮಾಸ್ಟರ್ ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮೊದಲೇ ಮಾತಾಡಿ, ಬಳಸಿ ಹರಿದ ಪುಸ್ತಕಗಳನ್ನು ಪಟ್ಟಿ ಮಾಡುವ ಒಪ್ಪಿಗೆ ಪಡೆಯಿರಿ. ನೀರಿನ ಚಟುವಟಿಕೆಯನ್ನು ಜಗಲಿಯಲ್ಲಿ ಮಾಡಿಸಿ. ತೆಳುವಾದ ಪುಸ್ತಕಗಳನ್ನು ದಾರಕ್ಕೆ ತೂಗುಹಾಕಿದರೆ ಮುಖಪುಟ ಕಾಣುತ್ತದೆ, ನೆಲದ ತೇವವೂ ತಾಗುವುದಿಲ್ಲ.

ನಲಿ-ಕಲಿಯ (ಒಂದರಿಂದ ಮೂರನೇ ತರಗತಿಯವರನ್ನು ಒಟ್ಟಿಗೆ ಕೂರಿಸಿ ಚಟುವಟಿಕೆಯಿಂದ ಕಲಿಸುವ ಪದ್ಧತಿ) ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಇನ್ನೂ ಅಕ್ಷರ ಕೂಡುವುದಿಲ್ಲ. ಅವರನ್ನು ದೊಡ್ಡ ಮಕ್ಕಳ ಜೊತೆ ಜೋಡಿ ಮಾಡಿ: ಚಿಕ್ಕವರು ಮಾಡಿ ತೋರಿಸಲಿ, ದೊಡ್ಡವರು ಓದಿ ಹೇಳಲಿ. ಕೊನೆಗೆ ತಾವು ಕಂಡದ್ದನ್ನು ಚಿಕ್ಕವರು ಹೇಳಿ ಬರೆಸಿ, ಚಿತ್ರ ಬಿಡಿಸಿ, ಆ ಹಾಳೆಗಳನ್ನು ಹೊಲಿದು ನಂಬರ್ ಹಾಕಿ ಬೀರುವಿನಲ್ಲೇ ಇಡಿ. ನಮ್ಮಲ್ಲಿ ಅತಿ ಹೆಚ್ಚು ಕೈ ಬದಲಾಯಿಸುವುದು ಈ ಪುಸ್ತಕಗಳೇ.

ವಿಜ್ಞಾನದ ಕನ್ನಡ ಪುಸ್ತಕ ಕಡಿಮೆ ಇದ್ದರೆ ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣ ನೋಡಿ. 2015ರಲ್ಲಿ ಶುರುವಾದದ್ದು, ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಕಥೆಗಳಿವೆ, ಉಚಿತವಾಗಿ ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಪತ್ರಿಕೆಯ ಹಳೆಯ ಸಂಚಿಕೆಗಳು ಎಲ್ಲಿ ಸಿಕ್ಕರೂ ಬಿಡಬೇಡಿ. ನಾಲ್ಕು, ಐದನೇ ತರಗತಿಗೆ ನಿಮ್ಮ ಸಹಾಯದೊಂದಿಗೆ ಓದಿಸಬಹುದು.

ನಿಮ್ಮ ಬೀರುವಿನಲ್ಲಿ ಯಾವ ಯಾವ ವಿಷಯದ ಪುಸ್ತಕಗಳಿವೆ ಅಂತ ಕಾಮೆಂಟಿನಲ್ಲಿ ಬರೆಯಿರಿ. ಒಂದೊಂದಕ್ಕೂ ಹೊಂದುವ ಚಟುವಟಿಕೆಯನ್ನು ನಾನು ಜೋಡಿಸಿ ಕೊಡುತ್ತೇನೆ.