ಅದು ಸೊನ್ನೆಯಲ್ಲ, ‘ಓ’ ಗ್ರೇಡ್!

ಪ್ರಶ್ನೆ: ನಾನು ಎಂ.ಎಸ್ಸಿ. ರಸಾಯನಶಾಸ್ತ್ರದ ವಿದ್ಯಾರ್ಥಿನಿ. ಮೊದಲ ಸೆಮಿಸ್ಟರ್‌ನ ನಾಲ್ಕು ಥಿಯರಿ ಪೇಪರ್‌ಗಳಲ್ಲಿ ಎ, ಬಿ ಪ್ಲಸ್, ಬಿ, ಪಿ ಬಂದಿವೆ. ಇವು ತಲಾ 4 ಕ್ರೆಡಿಟ್ (ಪೇಪರ್‌ಗೆ ಕೊಡುವ ತೂಕ). ಎರಡು ಲ್ಯಾಬ್‌ಗಳಲ್ಲಿ ಓ ಮತ್ತು ಎ ಪ್ಲಸ್. ಇವು ತಲಾ 2 ಕ್ರೆಡಿಟ್. ‘ಓ’ ನೋಡಿ ಸೊನ್ನೆ ಅಂದುಕೊಂಡ ಅಪ್ಪ ಎರಡು ದಿನ ಮಾತು ಬಿಟ್ಟಿದ್ದರು! ನನ್ನ ಲೆಕ್ಕಕ್ಕೆ 7.33 ಬರುತ್ತದೆ, ಮಾರ್ಕ್ಸ್ ಕಾರ್ಡ್‌ನಲ್ಲಿ ಎಸ್‌ಜಿಪಿಎ (ಸೆಮಿಸ್ಟರ್‌ನ ಸರಾಸರಿ ಗ್ರೇಡ್ ಪಾಯಿಂಟ್) 6.90 ಇದೆ. ತಪ್ಪಾಗಿದೆಯಾ? ಇದೇ ಮಟ್ಟದಲ್ಲಿ ಹೋದರೆ ನೆಟ್‌ಗೆ (ಕಾಲೇಜು ಅಧ್ಯಾಪಕರಾಗಲು ಬರೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಎಂ.ಎಸ್ಸಿ.ಯಲ್ಲಿ ಬೇಕಾದ 55% ಆಗುತ್ತದಾ?
– ಹೆಸರು ಬೇಡ, ಹಾಸನ

ಉತ್ತರ: ಮೊದಲು ಅಪ್ಪನಿಗೆ ಹೇಳಮ್ಮ, ಓ ಅಂದರೆ ಔಟ್‌ಸ್ಟ್ಯಾಂಡಿಂಗ್. ಪೂರ್ತಿ 10 ಪಾಯಿಂಟ್. ಮನೆಯಲ್ಲಿ ಸಿಹಿ ಆಗಬೇಕಿತ್ತು.

ಮಾರ್ಕ್ಸ್ ಕಾರ್ಡ್ ಸರಿಯಾಗಿದೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪಟ್ಟಿಯಂತೆ ಎ ಪ್ಲಸ್‌ಗೆ 9, ಎಗೆ 8, ಬಿ ಪ್ಲಸ್‌ಗೆ 7, ಬಿಗೆ 6, ಪಿಗೆ 4. ನೀನು ಆರನ್ನೂ ಕೂಡಿಸಿ ಆರರಿಂದ ಭಾಗಿಸಿದ್ದೀಯ. ಕ್ರೆಡಿಟ್ ಮರೆತಿದ್ದೀಯ. ಥಿಯರಿ: 8, 7, 6, 4 ಕೂಡಿದರೆ 25, ಅದನ್ನು 4ರಿಂದ ಗುಣಿಸಿದರೆ 100. ಲ್ಯಾಬ್: 10 ಮತ್ತು 9, ಒಟ್ಟು 19, ಅದರ ಎರಡರಷ್ಟು 38. ಒಟ್ಟು 138ನ್ನು 20 ಕ್ರೆಡಿಟ್‌ನಿಂದ ಭಾಗಿಸು. 6.90! ಲ್ಯಾಬ್‌ನ ಎ ಪ್ಲಸ್ ಓ ಆಗಿದ್ದರೂ ಏರುತ್ತಿದ್ದದ್ದು ಬರೀ 0.1. ಆ ಪಿ ಬಂದ ಪೇಪರ್‌ನಲ್ಲಿ ಬಿ ಪ್ಲಸ್ ಬಂದಿದ್ದರೆ 7.50 ಆಗುತ್ತಿತ್ತು. ಮೂವತ್ತು ವರ್ಷ ಪಾಠ ಮಾಡಿದ ನಾನು, ಕ್ರೆಡಿಟ್ ಜಾಸ್ತಿ ಇರುವ ಥಿಯರಿಗೇ ತೂಕ ಹೆಚ್ಚು ಅಂತ ಪ್ರತಿ ಬ್ಯಾಚ್‌ಗೂ ಬೋರ್ಡ್ ಮೇಲೆ ಬರೆದಿದ್ದೇನೆ. ಆದರೂ ಹುಡುಗರು ಲ್ಯಾಬ್ ರೆಕಾರ್ಡ್‌ಗೆ ಬಣ್ಣ ಹಚ್ಚುತ್ತಾ ಕೂರುತ್ತಿದ್ದರು.

ಈಗ ಶೇಕಡಾ ಲೆಕ್ಕ. 9.5ರಿಂದ ಗುಣಿಸು ಅಂತ ಯಾರಾದರೂ ಹೇಳಿದರೆ ಕೇಳಬೇಡ. ಅದು ಸಿಬಿಎಸ್‌ಇ ಹತ್ತನೇ ತರಗತಿಗೆ ಮಾಡಿಕೊಂಡಿದ್ದ ಲೆಕ್ಕ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಸುಮ್ನೆ 10ರಿಂದ ಗುಣಿಸುತ್ತಾರೆ, ನಿನಗೆ 69% ಬರುತ್ತದೆ. ಕೆಲವು ಕಡೆ 0.75 ಕಳೆದು ಆಮೇಲೆ 10ರಿಂದ ಗುಣಿಸುವ ಸೂತ್ರವಿದೆ, ಆಗ 61.5%. ಒಂದೇ ಹುಡುಗಿ, ಒಂದೇ ಓದು, ಏಳೂವರೆ ಪರ್ಸೆಂಟ್ ವ್ಯತ್ಯಾಸ! ನಿನ್ನ ವಿಶ್ವವಿದ್ಯಾಲಯದ ಸೂತ್ರವೇ ನಿನಗೆ ಲೆಕ್ಕ. ಮಾರ್ಕ್ಸ್ ಕಾರ್ಡ್‌ನ ಹಿಂಬದಿ ನೋಡು, ಇಲ್ಲದಿದ್ದರೆ ಪರೀಕ್ಷಾ ವಿಭಾಗದಲ್ಲಿ ಕೇಳಿ ಸರ್ಟಿಫಿಕೇಟ್ ಮಾಡಿಸಿಕೋ. ನನ್ನ ಶಿಷ್ಯನೊಬ್ಬ ಅರ್ಜಿಯಲ್ಲಿ ತಾನೇ ಗುಣಿಸಿ ಬರೆದು, ದಾಖಲೆ ಪರಿಶೀಲನೆಯ ದಿನ ಬೆವರಿದ್ದ.

ಈ ಮಟ್ಟ ಉಳಿದರೆ ನಿನಗೆ ಭಯವಿಲ್ಲ. ಆದರೆ ಅಂಚಿನಲ್ಲಿರುವವರು ಗಮನಿಸಬೇಕು: ನೆಟ್‌ನಲ್ಲಿ 54.9 ಅನ್ನು 55 ಮಾಡಿಕೊಳ್ಳುವಂತಿಲ್ಲ. ಎಸ್‌ಸಿ, ಎಸ್‌ಟಿ, ಕೆನೆಪದರಕ್ಕೆ ಸೇರದ ಒಬಿಸಿ, ಅಂಗವಿಕಲ ಅಭ್ಯರ್ಥಿಗಳಿಗೆ 50% ಸಾಕು.

ಪ್ರಶ್ನೆ: ಪಿಎಚ್.ಡಿ. ಕೋರ್ಸ್‌ವರ್ಕ್‌ನಲ್ಲಿ (ಸಂಶೋಧನೆಯ ಜೊತೆಗೆ ಓದಿ ಮುಗಿಸಬೇಕಾದ ಪೇಪರ್‌ಗಳು) ಬರೀ ಪಾಸ್ ಆದರೆ ಸಾಕಲ್ವಾ?
– ಒಬ್ಬ ಸಂಶೋಧಕ, ಕಲಬುರಗಿ

ಉತ್ತರ: ಸಾಲದು. ಯುಜಿಸಿಯ 2022ರ ನಿಯಮದಂತೆ ಅದರಲ್ಲೂ ಕನಿಷ್ಠ 55%, ಇಲ್ಲವೇ ಅದಕ್ಕೆ ಸಮನಾದ ಗ್ರೇಡ್ ಬೇಕು. ಆಗಲೇ ಮುಂದುವರಿದು ಥೀಸಿಸ್ ಸಲ್ಲಿಸಬಹುದು. ಕನಿಷ್ಠ 12 ಕ್ರೆಡಿಟ್ ಇರುತ್ತದೆ, ಸಂಶೋಧನಾ ನೀತಿಯ ಪೇಪರ್ ಅದರಲ್ಲೇ ಸೇರಿದೆ. ಅದನ್ನು ಕೊನೇ ವಾರಕ್ಕೆ ಬಿಡಬೇಡಿ.