ಮೊಮ್ಮಗನ ಪಾಸ್‌ಪೋರ್ಟ್ ಮೊದಲು ನೋಡಿ

ಪ್ರಶ್ನೆ: ನ್ಯೂಜೆರ್ಸಿಯ ಮಗಳು, ಆರು ವರ್ಷದ ಮೊಮ್ಮಗ ಪ್ಯಾರಿಸ್‌ನಲ್ಲಿ ನಾಲ್ಕು ದಿನ ಇದ್ದು ಮೈಸೂರಿಗೆ ಬರುತ್ತಾರೆ. ಇಬ್ಬರೂ ಅಮೆರಿಕದ ಪ್ರಜೆಗಳು. ವೀಸಾ ಬೇಕೇ?
– ಒಬ್ಬ ಅಜ್ಜಿ, ಮೈಸೂರು

ಉತ್ತರ: ಅಮ್ಮಾ, ಪ್ಯಾರಿಸ್‌ಗೆ ಬೇಡ. ಅಮೆರಿಕದವರು ಷೆಂಗೆನ್ ದೇಶಗಳಲ್ಲಿ (ಫ್ರಾನ್ಸ್ ಸೇರಿ, ಒಂದೇ ವೀಸಾ ನಿಯಮವಿರುವ ಯುರೋಪಿನ ದೇಶಗಳು) 180 ದಿನಗಳಲ್ಲಿ 90 ದಿನ ವೀಸಾ ಇಲ್ಲದೆ ಸುತ್ತಬಹುದು. ಭಾರತಕ್ಕೆ ಮಾತ್ರ ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಇಲ್ಲದಿದ್ದರೆ ವೀಸಾ ಬೇಕೇ ಬೇಕು, ಮಗುವಿಗೂ ಬೇರೆಯದು. ಇ-ವೀಸಾ ಸಾಕು. ಸರ್ಕಾರದ ಜಾಲತಾಣದಲ್ಲೇ ಅರ್ಜಿ ಹಾಕಲಿ, ನಕಲಿ ತಾಣಗಳು ಜಾಸ್ತಿ.

ನನಗೆ ಚಿಂತೆ ಮೊಮ್ಮಗನದು. ದೊಡ್ಡವರ ಪಾಸ್‌ಪೋರ್ಟ್ 10 ವರ್ಷ, 16ರೊಳಗಿನ ಮಕ್ಕಳದು 5 ವರ್ಷವಷ್ಟೇ. ಇ-ವೀಸಾಗೆ ಪಾಸ್‌ಪೋರ್ಟ್‌ನಲ್ಲಿ ಆರು ತಿಂಗಳ ಅವಧಿ ಉಳಿದಿರಬೇಕು. ನನ್ನ ತಂಗಿ ಮಗಳು ಇದನ್ನು ಗಮನಿಸದೆ, ಮಗುವನ್ನು ಎತ್ತಿಕೊಂಡು ವಿಮಾನ ನಿಲ್ದಾಣದಿಂದ ಅಳುತ್ತಾ ವಾಪಸ್ಸಾದಳು. ಇವತ್ತೇ ಫೋನ್ ಮಾಡಿ ಕೇಳಿ.

ಪ್ಯಾರಿಸ್ ಮೆಟ್ರೊದಲ್ಲಿ ಜೇಬುಗಳ್ಳರಿದ್ದಾರೆ. ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ, ನಕಲು ಪ್ರತಿ ನಿಮಗೂ ಕಳಿಸಲಿ.