ಹಸಿವು, ದಾಹದ ಲೇಖನ ಕಳಿಸಿದವರಿಗೆ

ನಮಸ್ಕಾರ. ‘ಹಸಿವು, ದಾಹ ಮತ್ತು ಮಿದುಳು’ ಲೇಖನ ತಲುಪಿತು. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. ಅದಕ್ಕೆ ಕಾರಣ ನಾಲ್ಕನೇ ಪುಟದಲ್ಲಿದೆ.

ಕೆ.ಆರ್. ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸಿ ಬಂದ ಹಮಾಲಿಯೊಬ್ಬರು ಚೊಂಬೆತ್ತಿ ಗಟಗಟ ನೀರು ಕುಡಿಯುತ್ತಾರೆ. ಚೊಂಬು ಇನ್ನೂ ಕೆಳಗಿಟ್ಟಿಲ್ಲ, ಆಗಲೇ ಮುಖ ಸಡಿಲವಾಗಿದೆ. ಎಷ್ಟು ಚೆನ್ನಾಗಿ ನೋಡಿದ್ದೀರಿ! ಆದರೆ ಮುಂದಿನ ಸಾಲಿಗೇ ಎಡವಿದ್ದೀರಿ: ‘ನೀರು ರಕ್ತಕ್ಕೆ ಸೇರಿ ಲವಣಾಂಶ ತಗ್ಗಿದೊಡನೆ ದಾಹ ಶಮನವಾಗುತ್ತದೆ.’ ಅದಕ್ಕೆ ಸಾಕಷ್ಟು ನಿಮಿಷ ಹಿಡಿಯುತ್ತದೆ. ಅವರ ದಾಹ ಚೊಂಬು ಇಳಿಸುವಷ್ಟರಲ್ಲೇ ತೀರಿದೆ, ಅಲ್ವಾ? ನೀವು ಬರೆಯಬೇಕಾದದ್ದು ಆ ನಡುವಿನ ಹೊತ್ತಿನ ಬಗ್ಗೆ.

ಮಿದುಳಿನ ಸಬ್‌ಫಾರ್ನಿಕಲ್ ಆರ್ಗನ್ ಎಂಬ ಪುಟ್ಟ ಭಾಗದಲ್ಲಿ ದಾಹದ ನರಕೋಶಗಳಿವೆ. ರಕ್ತದಲ್ಲಿ ಉಪ್ಪು ಜಾಸ್ತಿಯಾದರೆ ಅವು ಕೆರಳುತ್ತವೆ. 2016ರಲ್ಲಿ ಕ್ಯಾಲಿಫೋರ್ನಿಯಾದ ಒಂದು ತಂಡ ಇಲಿಗಳಲ್ಲಿ ಇವನ್ನು ಗಮನಿಸಿತು. ಇಲಿ ನೀರು ನೆಕ್ಕಲು ಶುರು ಮಾಡಿದ ಸ್ವಲ್ಪ ಹೊತ್ತಿಗೇ, ರಕ್ತದಲ್ಲಿ ಏನೂ ಬದಲಾಗುವ ಮೊದಲೇ, ಅವು ಸುಮ್ಮನಾದವು. ಬಾಯಿಗೆ ಬರೀ ತಂಪು ತಾಗಿದರೂ ಅವುಗಳ ಅಬ್ಬರ ತಗ್ಗಿತು. ಮಡಕೆ ನೀರಿನ ಮಾತು ಬರಬೇಕಾದದ್ದು ಇಲ್ಲಿ. ನೀವು ಅದನ್ನು ಸುಮ್ನೆ ಪೀಠಿಕೆಯಲ್ಲಿ ಖರ್ಚು ಮಾಡಿದ್ದೀರಿ. ಉಪ್ಪು ನೀರು ಕೊಟ್ಟರೂ ಕೋಶಗಳು ಸುಮ್ಮನಾಗುತ್ತವೆ, ಆದರೆ ತುಸು ಹೊತ್ತು ಮಾತ್ರ. ಕರುಳಿನಿಂದ ಸುದ್ದಿ ಬಂದದ್ದೇ ಮತ್ತೆ ಕೆರಳುತ್ತವೆ. ಇದು ಗೊತ್ತಾದದ್ದು 2019ರಲ್ಲಿ. ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ.

ಹಸಿವಿನ ಭಾಗ ಪರವಾಗಿಲ್ಲ. ಮಿದುಳಿನ ಹೈಪೋಥಲಾಮಸ್ ಭಾಗದಲ್ಲಿ ಹಸಿವು ಹುಟ್ಟಿಸುವ ಎಜಿಆರ್‌ಪಿ ಎಂಬ ನರಕೋಶಗಳನ್ನು, ಬೆಳಕಿಗೆ ಸ್ಪಂದಿಸುವಂತೆ ಮೊದಲೇ ಮಾರ್ಪಡಿಸಿ, ಬೆಳಕಿನಿಂದ ಕೆರಳಿಸಿದರೆ ಹೊಟ್ಟೆ ತುಂಬಿದ ಇಲಿಯೂ ಮತ್ತೆ ತಿನ್ನಲು ಕೂರುತ್ತದೆ ಎಂದು ಸರಿಯಾಗಿಯೇ ಬರೆದಿದ್ದೀರಿ. ಅದರ ಜೊತೆಗೆ 2015ರ ಸಂಗತಿಯೂ ಬೇಕು. ಹಸಿದ ಇಲಿಗೆ ತಿಂಡಿ ಕಂಡರೆ ಸಾಕು, ಒಂದು ತುತ್ತೂ ತಿನ್ನುವ ಮೊದಲೇ ಅದೇ ಕೋಶಗಳು ತಣ್ಣಗಾಗುತ್ತವೆ. ಹಾಗಿದ್ದೂ ಇಲಿ ತಿನ್ನುತ್ತದೆ. ಯಾಕೆ? ಈ ಪ್ರಶ್ನೆಯನ್ನು ಓದುಗರ ಮುಂದೆಯೇ ಇಡಿ. ಅವರು ಅರ್ಥ ಮಾಡಿಕೊಳ್ಳುತ್ತಾರೆ.

ಕೊನೆಯ ಪುಟ ಪೂರ್ತಿ ತೆಗೆಯಿರಿ. ‘ದಪ್ಪಗಿರುವವರಿಗೆ ಮನೋಬಲ ಸಾಲದು’ ಎಂಬ ಮಾತು ಓದಿ ನಿಜಕ್ಕೂ ಬೇಸರವಾಯಿತು. ಇಷ್ಟೆಲ್ಲ ತಿಳಿದುಕೊಂಡವರು ಹಾಗೆ ಬರೆಯಬಾರದು. ಇಲಿಯಲ್ಲಿ ಕಂಡದ್ದನ್ನು ‘ನಮ್ಮ ಮಿದುಳು’ ಅಂತ ಬದಲಿಸಿರುವ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕಿದ್ದೇನೆ. ಅಲ್ಲೆಲ್ಲ ಇಲಿ ಅಂತಲೇ ಇರಲಿ.

ತಿದ್ದಿ ಕಳಿಸಿ. ಮೂರು ಪುಟ ಸಾಕು. ಹಮಾಲಿಯ ಆ ಭಾಗವನ್ನು ಮಾತ್ರ ಮುಟ್ಟಬೇಡಿ.